ಬಾಜೂಕ ಬರಬ್ಯಾಡ, ಹಿಂದ ಬಾ

ಜುಲೈ ತಿಂಗಳು ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಟೂರ್ ಡಿ ಫ್ರಾನ್ಸ್ ಇದ್ದೇ ಇರುತ್ತದೆ. ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಆ ಸೈಕಲ್ ರೇಸು ನೋಡಲು ಶುರುಮಾಡಿದವರು ಎರಡು ಮೂರು ದಿನದಲ್ಲೇ ಬರೆಯುತ್ತಾರೆ. 'ಇಪ್ಪತ್ತೊಂದು ಹಂತಗಳಲ್ಲಿ ಒಂದರಲ್ಲೂ ಮೊದಲು ಬಾರದವರು ಕೊನೆಗೆ ಗೆದ್ದರಂತೆ, ಅದು ಹೇಗೆ?' ಎಂದು ಒಬ್ಬರು. 'ಚೆನ್ನಾಗಿ ಮುಂದೆ ಹೋಗುತ್ತಿದ್ದವರು ನಡುದಾರಿಯಲ್ಲಿ ನಿಂತು ಹಿಂದಿನವರಿಗಾಗಿ ಕಾದರು. ರೇಸಿನಲ್ಲಿ ಯಾರಾದರೂ ಕಾಯುತ್ತಾರಾ?' ಎಂದು ಇನ್ನೊಬ್ಬರು. ಹುಬ್ಬಳ್ಳಿಯ ಶಿಕ್ಷಕಿಯೊಬ್ಬರು ಕೇಳಿದ್ದು ಇನ್ನೂ ನೇರವಾಗಿತ್ತು: 'ನೂರೆಂಬತ್ತು ಜನ ಗಂಟೆಗಟ್ಟಲೆ ಒಂದೇ ಗುಂಪಾಗಿ ಹೋಗುವುದಾದರೆ ಅದನ್ನು ರೇಸು ಎನ್ನುವುದು ಯಾಕೆ?' ಕೇಳಲು ಮೂರು ಪ್ರಶ್ನೆ, ಬುಡದಲ್ಲಿ ಒಂದೇ. ಉತ್ತರವೂ ಒಂದೇ. ಗಾಳಿ.

ಗದಗ ಜಿಲ್ಲೆಯ ಮುಂಡರಗಿ ಕಡೆಯವನು ನಾನು. ನಮ್ಮೂರಿನಿಂದ ಹೈಸ್ಕೂಲಿಗೆ ಏಳು ಕಿಲೋಮೀಟರು. ದೊಡ್ಡಪ್ಪನ ಮಗ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಇಬ್ಬರಿಗೂ ಒಂದೊಂದು ಹಳೆಯ ಸೈಕಲ್ಲು. ಆಷಾಢದಲ್ಲಿ ಆ ಬಯಲಿನ ಮೇಲೆ ಬೀಸುವ ಗಾಳಿ ಎಂಥದೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಈಗ ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿವೆ. ನಮ್ಮ ಕಾಲಕ್ಕೆ ಆ ಗಾಳಿ ನಮ್ಮ ಎದೆಗೇ ಬಂದು ಬಡಿಯುತ್ತಿತ್ತು. ಸೀಟಿನ ಮೇಲೆ ಕುಳಿತು ತುಳಿದರೆ ಸೈಕಲ್ಲು ಸರಿಯುತ್ತಿರಲಿಲ್ಲ, ಎದ್ದು ನಿಂತು ತುಳಿಯಬೇಕು. ಮೊದಲ ದಿನ, ಮಾತಾಡುತ್ತ ಹೋಗೋಣವೆಂದು ಅಣ್ಣನ ಪಕ್ಕಕ್ಕೆ ಹೋದೆ. 'ಬಾಜೂಕ ಬರಬ್ಯಾಡ, ಹಿಂದ ಬಾ. ನನ್ನ ಗಾಲಿ ನೋಡ್ಕೊಂತ ಬಾ' ಅಂದ. ಹಿಂದೆ ಸರಿದೆ. ಅವನ ಹಿಂದಿನ ಗಾಲಿಗೂ ನನ್ನ ಮುಂದಿನ ಗಾಲಿಗೂ ನಡುವೆ ಒಂದು ಮೊಳ ಜಾಗ. ಕಿವಿಯಲ್ಲಿ ಭೋರ್ಗರೆಯುತ್ತಿದ್ದ ಸದ್ದು ಒಮ್ಮೆಲೇ ಇಳಿಯಿತು. ಪೆಡಲು ಹಗುರಾಯಿತು. ಅವನ ಅಂಗಿ ಬೆನ್ನ ಹಿಂದೆ ಉಬ್ಬಿ ಪಟಪಟ ಬಡಿಯುತ್ತಿತ್ತು, ನನ್ನದು ಮೈಗೆ ಅಂಟಿಕೊಂಡು ಸುಮ್ಮನಿತ್ತು. ಟೂರ್ ಡಿ ಫ್ರಾನ್ಸ್ ಎಂದಾಗ ಇವತ್ತಿಗೂ ನನ್ನ ಕಣ್ಣಿಗೆ ಮೊದಲು ಬರುವುದು ಆ ಎರಡು ಅಂಗಿಗಳು.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಬ್ಬರೇ ಸೈಕಲ್ ತುಳಿಯುತ್ತಿದ್ದರೆ, ಅವರ ಶ್ರಮದ ಹತ್ತು ಪಾಲಿನಲ್ಲಿ ಸುಮಾರು ಎಂಟು ಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಿ ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಮುಂದೆ ಒಬ್ಬರಿದ್ದು ಹಿಂದೆ ಅಂಟಿಕೊಂಡು ಹೋದರೆ ಈ ಖರ್ಚಿನಲ್ಲಿ ದೊಡ್ಡ ಉಳಿತಾಯ. ಇಡೀ ಗುಂಪಿನ ಹೊಟ್ಟೆಯೊಳಗೆ ಸೇರಿಕೊಂಡರೆ ಉಳಿತಾಯ ನಂಬಲಾಗದಷ್ಟು. ಬೆಲ್ಜಿಯಂ ಮೂಲದ ಎಂಜಿನಿಯರ್ ಬರ್ಟ್ ಬ್ಲೊಕೆನ್ ಮತ್ತು ಅವರ ಜೊತೆಗಾರರು 2018ರಲ್ಲಿ 121 ಸವಾರರ ಗುಂಪಿನ ಮಾದರಿಯನ್ನಿಟ್ಟು ಗಾಳಿಸುರಂಗದಲ್ಲಿ ಅಳೆದರು. ಗುಂಪಿನ ನಡುವೆ, ಹಿಂಭಾಗದ ಕಡೆ ಇರುವವರ ಮೇಲೆ ಬೀಳುವ ಗಾಳಿಯ ತಡೆ, ಒಬ್ಬಂಟಿ ಸವಾರರ ಮೇಲೆ ಬೀಳುವುದರ ನೂರಕ್ಕೆ 5ರಿಂದ 10 ಪಾಲು ಮಾತ್ರ ಎಂದು ಕಂಡುಬಂತು. ಗುಂಪು 54 ಕಿ.ಮೀ. ವೇಗದಲ್ಲಿ ಹಾರುತ್ತಿರುವಾಗ ಒಳಗಿನವರಿಗೆ ತಟ್ಟುವುದು, ಸಂಜೆ ಪೇಟೆಗೆ ಸೈಕಲ್ಲಿನಲ್ಲಿ ಹೋಗಿಬರುವವರಿಗೆ ತಟ್ಟುವಷ್ಟೇ ಗಾಳಿ. ಶಿಕ್ಷಕಿಯವರು ಕೇಳಿದ ಗುಂಪು ಇದೇ. ಫ್ರೆಂಚರು ಅದನ್ನು ಪೆಲೊಟಾನ್ ಎನ್ನುತ್ತಾರೆ. ಬೇಸಿಗೆಯಲ್ಲಿ ಕುರಿಗಳು ಒಂದರ ನೆರಳಿನಲ್ಲಿ ಒಂದು ತಲೆ ಇಟ್ಟುಕೊಂಡು ನಿಲ್ಲುವುದನ್ನು ನೋಡಿದವರಿಗೆ ಅದರ ಕಾರಣ ಬೇಗ ತಿಳಿಯುತ್ತದೆ.

ಹಾಗಿದ್ದರೆ ಆ ಗುಂಪಿನ ಮುಂದೆ ಗಾಳಿಗೆ ಮುಖ ಕೊಟ್ಟು ತುಳಿಯುವವರು ಯಾರು? ನಾನು ಇವತ್ತು ಬರೆಯಬೇಕೆಂದಿರುವುದು ಅವರ ಬಗ್ಗೆ.

ಅದಕ್ಕೆ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಟೂರ್ ಎಂದರೆ 21 ಹಂತಗಳು, ಸಾಮಾನ್ಯವಾಗಿ ನಡುವೆ ಎರಡು ದಿನ ವಿರಾಮ, ಒಟ್ಟು ಸುಮಾರು 3,400 ಕಿ.ಮೀ. ಪ್ರತಿ ಹಂತವನ್ನು ಮುಗಿಸಲು ಒಬ್ಬರು ತೆಗೆದುಕೊಂಡ ಸಮಯವನ್ನೆಲ್ಲ ಕೂಡಿಸಿ, ಅಂದಿನವರೆಗೆ ಯಾರ ಮೊತ್ತ ಕಡಿಮೆಯೋ ಅವರಿಗೆ ಹಳದಿ ಜೆರ್ಸಿ, ಕೊನೆಯ ದಿನ ಅದು ಯಾರ ಮೈಮೇಲಿದೆಯೋ ಅವರೇ ಗೆದ್ದವರು. ಗುಂಪಾಗಿ ಬಂದು ಗೆರೆ ದಾಟಿದವರಿಗೆಲ್ಲ ಒಂದೇ ಸಮಯ ಬರೆಯುತ್ತಾರೆ. ಅಂದಿನ ಹಂತ ಗೆದ್ದವರಿಗೆ ಸಾಮಾನ್ಯವಾಗಿ ಹತ್ತು ಸೆಕೆಂಡು ಸಮಯ ಬಿಟ್ಟುಕೊಡುತ್ತಾರೆ, ಅಷ್ಟೆ. ಆದ್ದರಿಂದ ದಿನವೂ ಗೆಲ್ಲಬೇಕೆಂಬ ಹಟ ಇಲ್ಲದೆ, ಯಾವ ದಿನವೂ ಸಮಯ ಕಳೆದುಕೊಳ್ಳದೆ, ಬೆಟ್ಟದ ನಾಲ್ಕೈದು ದಿನಗಳಲ್ಲಿ ಉಳಿದವರಿಗಿಂತ ತುಸು ಮುಂದಿದ್ದರೂ ಸಾಕು. 1922ರಲ್ಲಿ ಬೆಲ್ಜಿಯಂನ ಫಿರ್ಮಾಂ ಲಾಂಬೊ ಒಂದೂ ಹಂತ ಗೆಲ್ಲದೆ ಟೂರ್ ಗೆದ್ದರು. 1990ರಲ್ಲಿ ಗ್ರೆಗ್ ಲೆಮೊಂಡ್, 2017ರಲ್ಲಿ ಕ್ರಿಸ್ ಫ್ರೂಮ್, 2019ರಲ್ಲಿ ಕೊಲಂಬಿಯಾದ ಎಗಾನ್ ಬೆರ್ನಾಲ್ ಹಾಗೆಯೇ ಗೆದ್ದರು. ಇವರಲ್ಲಿ ಯಾರ ಗೆಲುವೂ ಕಡಿಮೆಯದಲ್ಲ. ಮೂರು ವಾರ ಗಾಳಿಯಿಂದ ತಪ್ಪಿಸಿಕೊಂಡು ಕಾಲಿನ ಶಕ್ತಿ ಉಳಿಸಿಕೊಳ್ಳುವುದು, ಬೇಕಾದ ಅರ್ಧ ಗಂಟೆಯಲ್ಲಿ ಅದನ್ನೆಲ್ಲ ಸುರಿಯುವುದು, ಇದೇ ಟೂರ್ ಗೆಲ್ಲುವ ವಿದ್ಯೆ. ಆ ಶಕ್ತಿ ಉಳಿಸಿಕೊಡುವವರು ತಂಡದ ಉಳಿದ ಏಳು ಜನ. ಈಗ ಒಂದು ತಂಡದಲ್ಲಿ ಎಂಟು ಮಂದಿ, 2017ರವರೆಗೆ ಒಂಬತ್ತು ಇದ್ದರು.

ಆರಂಭದಲ್ಲಿ ಹೀಗಿರಲಿಲ್ಲ. ಟೂರ್ ಹುಟ್ಟಿದ್ದು ಪತ್ರಿಕೆ ಮಾರುವುದಕ್ಕೆ. ಪ್ಯಾರಿಸ್ಸಿನ 'ಲೊಟೊ' ಎಂಬ ಕ್ರೀಡಾಪತ್ರಿಕೆಗೆ 'ಲೆ ವೆಲೊ' ಎಂಬ ಪ್ರತಿಸ್ಪರ್ಧಿ ಇತ್ತು. ಓದುಗರನ್ನು ಸೆಳೆಯಲು ಫ್ರಾನ್ಸ್ ದೇಶವನ್ನೇ ಸುತ್ತುವ ರೇಸು ನಡೆಸೋಣವೆಂದು ಜೆಯೊ ಲೆಫೆವ್ರ್ ಎಂಬ ವರದಿಗಾರ ಸೂಚಿಸಿದರು, ಸಂಪಾದಕ ಆನ್ರಿ ದೆಗ್ರಾಂಜ್ ಒಪ್ಪಿದರು. 1903ರ ಜುಲೈ 1ರಂದು 60 ಮಂದಿ ಹೊರಟರು. ಆರೇ ಹಂತ, ಆದರೆ 2,428 ಕಿ.ಮೀ. ಅಂದರೆ ಒಂದೊಂದು ಹಂತವೂ ಸರಾಸರಿ ನಾನೂರು ಕಿಲೋಮೀಟರು, ರಾತ್ರಿಯೆಲ್ಲ ತುಳಿಯಬೇಕು. ಮುಗಿಸಿದವರು 21 ಜನ. ಚಿಮಣಿ ಗುಡಿಸುವ ಕೆಲಸ ಮಾಡಿದ್ದ ಮೊರಿಸ್ ಗಾರಾಂ ಎರಡನೆಯವರಿಗಿಂತ ಸುಮಾರು ಮೂರು ಗಂಟೆ ಮೊದಲು ಬಂದು ಗೆದ್ದರು. ಪತ್ರಿಕೆಯ ಮಾರಾಟ ಏರಿತು. ಮರುವರ್ಷ 'ಲೆ ವೆಲೊ' ಬಾಗಿಲು ಮುಚ್ಚಿತು.

ದೆಗ್ರಾಂಜ್ ತಾವೂ ಸೈಕಲ್ ದಾಖಲೆ ಮಾಡಿದ್ದವರು. ಅವರ ಮನಸ್ಸಿನಲ್ಲಿದ್ದದ್ದು ಒಬ್ಬ ಮನುಷ್ಯ, ಒಂದು ಸೈಕಲ್ಲು, ಒಂದು ರಸ್ತೆ. ಯಾರೂ ಯಾರಿಗೂ ಕೈ ಹಚ್ಚಬಾರದು. ಈ ನಿಯಮ ಎಲ್ಲಿಯವರೆಗೆ ಹೋಯಿತು ಎಂಬುದಕ್ಕೆ ಪಿರೆನೀಸ್ ಬೆಟ್ಟಗಳ ತಪ್ಪಲಿನಲ್ಲಿರುವ ಸಾಂತ್ ಮಾರಿ ದ ಕಾಂಪಾಂ ಎಂಬ ಹಳ್ಳಿಯ ಕುಲುಮೆಯನ್ನು ನೋಡಬೇಕು. 1913. ಮುಂಚೂಣಿಯಲ್ಲಿದ್ದ ಯುಜೆನ್ ಕ್ರಿಸ್ತೋಫ್ 2,115 ಮೀಟರ್ ಎತ್ತರದ ತುರ್ಮಲೆ ಕಣಿವೆದಾರಿ ಹತ್ತಿ ಇಳಿಯುತ್ತಿರುವಾಗ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಬೇರೆ ಸೈಕಲ್ಲು ತೆಗೆದುಕೊಳ್ಳುವಂತಿಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಸುಮಾರು 14 ಕಿ.ಮೀ. ನಡೆದು ಹಳ್ಳಿಗೆ ಬಂದರು. ಕುಲುಮೆ ಸಿಕ್ಕಿತು. ಆದರೆ ಕಮ್ಮಾರ ಮುಟ್ಟುವಂತಿಲ್ಲ! ರೇಸಿನ ಅಧಿಕಾರಿಗಳು ಪಕ್ಕದಲ್ಲೇ ನಿಂತಿದ್ದರು. ಕಬ್ಬಿಣ ಕಾಯಿಸಿ, ಬಡಿದು, ಫೋರ್ಕನ್ನು ಬೆಸೆದದ್ದು ಕ್ರಿಸ್ತೋಫ್ ಅವರೇ. ಎರಡು ಕೈಯೂ ಕೆಲಸದಲ್ಲಿದ್ದುದರಿಂದ ಕುಲುಮೆಯ ಹುಡುಗನೊಬ್ಬ ತಿದಿ ಒತ್ತಿಕೊಟ್ಟ. ಅದಕ್ಕೆ ಹತ್ತು ನಿಮಿಷದ ದಂಡ ಬಿತ್ತು, ಆಮೇಲೆ ಮೂರಕ್ಕೆ ಇಳಿಸಿದರು. ಅಷ್ಟು ಹೊತ್ತಿಗೆ ಗಂಟೆಗಟ್ಟಲೆ ಸಮಯ ಹೋಗಿತ್ತು, ಟೂರ್ ಗೆಲ್ಲುವ ಆಸೆಯೂ ಅಲ್ಲೇ ಮುಗಿದಿತ್ತು. ಆದರೂ ಕ್ರಿಸ್ತೋಫ್ ಪ್ಯಾರಿಸ್ಸಿನವರೆಗೆ ಬಂದರು, ಏಳನೆಯವರಾಗಿ. ಆರು ವರ್ಷದ ಮೇಲೆ, 1919ರಲ್ಲಿ, ಟೂರ್‌ನಲ್ಲಿ ಹಳದಿ ಜೆರ್ಸಿ ಮೊದಲ ಸಲ ಬಂದಾಗ ಅದನ್ನು ತೊಟ್ಟ ಮೊದಲಿಗರೂ ಅವರೇ. 'ಲೊಟೊ' ಹಳದಿ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಆ ಬಣ್ಣ ಎಂದು ಹೇಳುತ್ತಾರೆ. ಆ ವರ್ಷವೂ, ಗೆಲುವು ಕೈಗೆ ಬರುವಷ್ಟರಲ್ಲಿ, ಅವರ ಫೋರ್ಕ್ ಮತ್ತೆ ಮುರಿಯಿತು. ಕ್ರಿಸ್ತೋಫ್ ಟೂರ್ ಗೆಲ್ಲಲೇ ಇಲ್ಲ.

ತಿದಿ ಒತ್ತಿದ ಆ ಹುಡುಗನ ಕೈ ನನ್ನನ್ನು ಬಹಳ ಕಾಡುತ್ತದೆ. ಕಷ್ಟದಲ್ಲಿರುವವರನ್ನು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ದೆಗ್ರಾಂಜ್ ಅವರ ನಿಯಮಕ್ಕೆ ಎದುರಾಗಿದ್ದದ್ದು ಅದು. ಸವಾರರ ನಡುವೆಯೂ ಅದು ಮೊದಲಿನಿಂದಲೇ ಇತ್ತು. 1911ರಲ್ಲಿ ಮೊರಿಸ್ ಬ್ರೊಕೊ ಎಂಬ ಸವಾರರು ತಮ್ಮ ಗೆಲುವಿನ ಆಸೆ ಮುಗಿದ ಮೇಲೆ, ಸೋತು ಹಿಂದುಳಿದಿದ್ದ ಫ್ರಾನ್ಸ್ವಾ ಫಾಬರ್ ಅವರಿಗೆ ಮುಂದೆ ನಿಂತು ದಾರಿ ಮಾಡಿಕೊಟ್ಟರು, ಅದೂ ಹಣಕ್ಕಾಗಿ ಎಂಬ ಆರೋಪದೊಂದಿಗೆ. ಸಿಟ್ಟಿಗೆದ್ದ ದೆಗ್ರಾಂಜ್ ಪತ್ರಿಕೆಯಲ್ಲಿ ಬ್ರೊಕೊ ಅವರನ್ನು 'ಡೊಮೆಸ್ಟೀಕ್' ಎಂದು ಕರೆದರು. ಅಂದರೆ ಮನೆಯಾಳು. ಬೈಗುಳವಾಗಿಯೇ ಬಳಸಿದ ಮಾತು. ಮರುದಿನ ಬ್ರೊಕೊ ಬೆಟ್ಟಗಳ ಮೇಲೆ ಎಲ್ಲರನ್ನೂ ಹಿಂದೆ ಹಾಕಿ ಲುಶೋನ್‌ನಿಂದ ಬಯೋನ್‌ವರೆಗಿನ ಹಂತ ಗೆದ್ದು ತೋರಿಸಿದರು. ಇಷ್ಟು ಶಕ್ತಿ ಇದ್ದವರು ನಿನ್ನೆ ಯಾಕೆ ತೋರಿಸಲಿಲ್ಲ ಎಂದು ಅವರನ್ನು ರೇಸಿನಿಂದಲೇ ಹೊರಗೆ ಹಾಕಿದರು. ಬೈಗುಳ ಮಾತ್ರ ಉಳಿದುಕೊಂಡಿತು. ಇವತ್ತು ತಂಡದ ನಾಯಕರಿಗಾಗಿ ದುಡಿಯುವ ಸವಾರರಿಗೆ ಜಗತ್ತಿನಾದ್ಯಂತ ಅದೇ ಹೆಸರು, ಈಗ ಅದನ್ನು ಗೌರವದಿಂದಲೇ ಹೇಳುತ್ತಾರೆ.

ಆ ಗೌರವ ಬಂದದ್ದರಲ್ಲಿ ಒಂದು ಫೋಟೊದ ಪಾಲು ದೊಡ್ಡದು. 1934ರ ಫೋಟೊ. ರಸ್ತೆ ಬದಿಯ ತಗ್ಗು ಕಲ್ಲುಗೋಡೆಯ ಮೇಲೆ ಒಬ್ಬ ಹುಡುಗ ಕುಳಿತಿದ್ದಾನೆ. ಪಕ್ಕದಲ್ಲಿ ಮುಂದಿನ ಗಾಲಿ ಇಲ್ಲದ ಸೈಕಲ್ಲು. ಮುಖದಲ್ಲಿ ಅಳು. ಹೆಸರು ರೆನೆ ವಿಯೆತ್ತೊ, ವಯಸ್ಸು 20, ಮೊದಲ ಟೂರ್. ಆಗಲೇ ಆಲ್ಪ್ಸ್ ಬೆಟ್ಟಗಳಲ್ಲಿ ಹಂತಗಳನ್ನು ಗೆದ್ದು ಫ್ರಾನ್ಸಿನವರ ಕಣ್ಮಣಿಯಾಗಿದ್ದ. ಆಗ ದೇಶವಾರು ತಂಡಗಳು. ಫ್ರಾನ್ಸ್ ತಂಡದ ಆಂತೊನಾಂ ಮಾನ್ಯ್ ಹಳದಿ ಜೆರ್ಸಿಯಲ್ಲಿದ್ದರು. ಪಿರೆನೀಸ್‌ನ ಪ್ವಿಮೊರೆನ್ಸ್ ಇಳಿಜಾರಿನಲ್ಲಿ ಮಾನ್ಯ್ ಬಿದ್ದು ಅವರ ಗಾಲಿ ಮುರಿಯಿತು. ವಿಯೆತ್ತೊ ತನ್ನ ಮುಂದಿನ ಗಾಲಿ ಬಿಚ್ಚಿ ಕೊಟ್ಟ. ಮಾನ್ಯ್ ಹೋದರು. ಹುಡುಗ ಸಾಮಾನಿನ ಗಾಡಿಗಾಗಿ ಕಾಯುತ್ತ ಕುಳಿತ. ಒಬ್ಬೊಬ್ಬರಾಗಿ ಸವಾರರು ಅವನ ಮುಂದೆಯೇ ಹಾದುಹೋದರು. ಮರುದಿನ ನಡೆದದ್ದು ಇನ್ನೂ ದೊಡ್ಡದು. ಮಾನ್ಯ್ ಅವರ ಸೈಕಲ್ಲು ಮತ್ತೆ ಕೆಟ್ಟಿತು. ವಿಯೆತ್ತೊ ಮುಂದೆ ಇದ್ದ. ಸುದ್ದಿ ತಿಳಿದವನೇ ಸೈಕಲ್ಲು ತಿರುಗಿಸಿ, ಇಳಿದು ಬಂದ ದಾರಿಯನ್ನೇ ಎದುರು ಹತ್ತಿ ಹಿಂದಕ್ಕೆ ಹೋಗಿ, ಈ ಸಲ ಇಡೀ ಸೈಕಲ್ಲನ್ನೇ ಕೊಟ್ಟ.

ಮಾನ್ಯ್ ಟೂರ್ ಗೆದ್ದರು, ವಿಯೆತ್ತೊ ಐದನೆಯವನಾದ. ಆ ಎರಡು ದಿನ ಗಾಲಿಯನ್ನೂ ಸೈಕಲ್ಲನ್ನೂ ಕೊಡದಿದ್ದರೆ ವಿಯೆತ್ತೊನೇ ಗೆಲ್ಲುತ್ತಿದ್ದ ಎಂದು ಫ್ರಾನ್ಸಿನಲ್ಲಿ ಎಷ್ಟೋ ಜನ ನಂಬಿದರು. ಲೆಕ್ಕ ಹಾಗೆ ಹೇಳುವುದಿಲ್ಲ. ಕೊನೆಗೆ ಇಬ್ಬರ ನಡುವೆ ಸುಮಾರು ಒಂದು ಗಂಟೆಯ ಅಂತರವಿತ್ತು, ಗೋಡೆಯ ಮೇಲೆ ಕುಳಿತು ಕಳೆದದ್ದು ಕೆಲವೇ ನಿಮಿಷ. ಆದರೆ ಗಾಲಿ ಬಿಚ್ಚುವಾಗ ಆ ಹುಡುಗನ ಮುಂದೆ ಈ ಲೆಕ್ಕ ಇರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ, ಕಾಲಲ್ಲಿ ಅಷ್ಟು ಶಕ್ತಿ ಇಟ್ಟುಕೊಂಡು, ಅವನು ಕೊಟ್ಟ. ಅವನಿಗೆ ಅಳು ಬಂದದ್ದರಿಂದಲೇ ಆ ಕೊಡುಗೆ ನನಗೆ ದೊಡ್ಡದಾಗಿ ಕಾಣುತ್ತದೆ. ಮುಂದೆ ವಿಯೆತ್ತೊ 1939ರಲ್ಲಿ ಎರಡನೆಯವರಾದರು, 1947ರಲ್ಲಿ ಬಹುದಿನ ಹಳದಿ ಜೆರ್ಸಿ ತೊಟ್ಟು ಕೊನೆಯ ಹೊತ್ತಿಗೆ ಕಳೆದುಕೊಂಡರು. ಟೂರ್ ಗೆಲುವು ಅವರ ಪಾಲಿಗೂ ಬರಲಿಲ್ಲ.

ಈಗ ಗಾಲಿ ಬಿಚ್ಚಿಕೊಡುವ ಸಂದರ್ಭ ಕಡಿಮೆ, ಬಿಡಿಸಾಮಾನಿನ ಕಾರುಗಳು ಹಿಂದೆಯೇ ಇರುತ್ತವೆ. ಡೊಮೆಸ್ಟೀಕ್‌ಗಳ ದಿನಚರಿ ಬೇರೆ. ಬಿಸಿಲಿನ ದಿನ ಒಬ್ಬರು ಗುಂಪಿನಿಂದ ಹಿಂದೆ ಸರಿದು ತಂಡದ ಕಾರಿನ ಬಳಿಗೆ ಹೋಗುತ್ತಾರೆ. ಕಿಟಕಿಯಿಂದ ನೀರಿನ ಬಾಟಲಿಗಳು ಒಂದೊಂದಾಗಿ ಬರುತ್ತವೆ. ಜೇಬಿಗೆ ಎರಡು, ಜೆರ್ಸಿಯ ಬೆನ್ನೊಳಗೆ ನಾಲ್ಕು, ಎದೆಯೊಳಗೆ ಒಂದು. ಗೂನು ಬಂದವರಂತೆ ಉಬ್ಬಿದ ಬೆನ್ನು ಹೊತ್ತು, ಮತ್ತೆ ನೂರೈವತ್ತು ಜನರನ್ನು ದಾಟಿ ಮುಂದೆ ಬಂದು, ತಮ್ಮವರಿಗೆ ಹಂಚುತ್ತಾರೆ. ಹಂಚಿ ಮುಗಿಯುವಷ್ಟರಲ್ಲಿ ಮತ್ತೆ ಹಿಂದೆ ಹೋಗುವ ಹೊತ್ತು. ಇನ್ನು ಕೆಲವರ ಕೆಲಸ ಎಳೆಯುವುದು. ಬೆಲ್ಜಿಯಂನ ಟಿಮ್ ಡೆಕ್ಲೆರ್ಕ್ ಅವರಿಗೆ 'ಟ್ರ್ಯಾಕ್ಟರ್' ಎಂದೇ ಅಡ್ಡಹೆಸರು. ಗುಂಪಿನ ಮೂತಿಯಲ್ಲಿ ನಿಂತು ಗಂಟೆಗಟ್ಟಲೆ ಗಾಳಿ ಸೀಳುತ್ತಿದ್ದರು, ಟಿ.ವಿ.ಯಲ್ಲಿ ರೇಸು ಮುಕ್ತಾಯಕ್ಕೆ ಬಂದು ರಂಗೇರುವ ಹೊತ್ತಿಗೆ ಹಿಂದೆ ಸರಿದು ಕಣ್ಮರೆಯಾಗುತ್ತಿದ್ದರು. ನೋಡುವವರು ಕೊನೆಯ ಅರ್ಧ ಗಂಟೆ ಮಾತ್ರ ನೋಡಿದರೆ ಅವರು ಇದ್ದರೆಂದೇ ತಿಳಿಯುವುದಿಲ್ಲ. ಅದಕ್ಕೇ ನಾನು ಓದುಗರಿಗೆ ಹೇಳುವುದು: ಒಂದು ದಿನವಾದರೂ ಹಂತದ ನಡುಭಾಗ ನೋಡಿ.

ಅಡ್ಡಗಾಳಿ ಇದ್ದ ದಿನವಾದರೆ ಇನ್ನೂ ಒಳ್ಳೆಯದು. ಗಾಳಿ ಪಕ್ಕದಿಂದ ಬೀಸಿದಾಗ ನೇರ ಹಿಂದೆ ನಿಂತರೆ ಮರೆ ಸಿಗುವುದಿಲ್ಲ, ಓರೆಯಾಗಿ ನಿಲ್ಲಬೇಕು. ಹಾರುವ ಕೊಕ್ಕರೆ ಸಾಲಿನ ಒಂದು ಪಕ್ಕದ ಹಾಗೆ. ಆದರೆ ರಸ್ತೆಯ ಅಗಲಕ್ಕೆ ಹಿಡಿಸುವುದು ಹದಿನೈದೋ ಇಪ್ಪತ್ತೋ ಜನ. ಉಳಿದವರು ರಸ್ತೆಯಂಚಿನಲ್ಲಿ ಮರೆಯಿಲ್ಲದೆ ಒದ್ದಾಡುತ್ತಾರೆ, ಗುಂಪು ತುಂಡಾಗುತ್ತದೆ. 2013ರಲ್ಲಿ ಸೆಂಟ್ ಅಮಾಂ ಮೊಂರೊ ಊರಿಗೆ ಹೋಗುವ ಸಪಾಟು ಹಂತದಲ್ಲಿ, ಒಟ್ಟಾರೆ ಎರಡನೇ ಸ್ಥಾನದಲ್ಲಿದ್ದ ಸ್ಪೇನಿನ ಅಲೆಹಾಂದ್ರೊ ವಾಲ್ವೆರ್ದೆ ಅವರ ಗಾಲಿ ಕೆಟ್ಟಿತು. ಜೊತೆಗಾರರು ನಿಂತರು, ಎಳೆದರು. ಅಡ್ಡಗಾಳಿಯಲ್ಲಿ ಮುಂದಿನ ಗುಂಪು ಸಿಗಲೇ ಇಲ್ಲ. ಒಂದು ಗಾಲಿಗೆ ಸುಮಾರು ಹತ್ತು ನಿಮಿಷ ಹೋಯಿತು.

ಬೆಟ್ಟ ಬಂದಾಗ ಚಿತ್ರ ಬದಲಾಗುತ್ತದೆ. ಕಡಿದಾದ ಏರಿನಲ್ಲಿ ವೇಗ ಇಳಿಯುತ್ತದೆ, ಗಾಳಿಯ ಹಂಗು ಕಡಿಮೆಯಾಗುತ್ತದೆ, ಮೈಭಾರ ಮತ್ತು ಕಾಲಿನ ಶಕ್ತಿಯ ಲೆಕ್ಕ ಶುರುವಾಗುತ್ತದೆ. ಡೊಮೆಸ್ಟೀಕ್‌ಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ಕೊನೆಗೆ ನಾಯಕರು ಒಬ್ಬರೇ ಉಳಿಯುತ್ತಾರೆ. ಆದರೆ ಅಲ್ಲಿಯವರೆಗೆ ಅವರನ್ನು ಯಾರು ಹೇಗೆ ತಂದುಮುಟ್ಟಿಸಿದರು ಎನ್ನುವುದರ ಮೇಲೆಯೇ ಆ ಕೊನೆಯ ಏರಿನ ಫಲ ನಿಂತಿರುತ್ತದೆ. 2022ರಲ್ಲಿ ನಾನು ಕಣ್ಣು ಮಿಟುಕಿಸದೆ ನೋಡಿದ ಹಂತ ಹನ್ನೊಂದನೆಯದು. ಹಿಂದಿನ ಎರಡು ವರ್ಷ ಟೂರ್ ಗೆದ್ದಿದ್ದ ಸ್ಲೊವೇನಿಯಾದ ತಾದೆ ಪೊಗಾಚರ್ ಹಳದಿ ಜೆರ್ಸಿಯಲ್ಲಿದ್ದರು. ಎದುರಾಳಿ ತಂಡದಲ್ಲಿ ಪ್ರಿಮೋಜ್ ರೊಗ್ಲಿಚ್ ಮತ್ತು ಡೆನ್ಮಾರ್ಕಿನ ಯೋನಾಸ್ ವಿಂಗೆಗೋರ್. ರೊಗ್ಲಿಚ್ ತಾವೂ ಗೆಲ್ಲಲು ಬಂದಿದ್ದ ದೊಡ್ಡ ಸವಾರರು, ಐದನೇ ಹಂತದಲ್ಲಿ ಬಿದ್ದು ಭುಜದ ಕೀಲು ಜಾರಿಸಿಕೊಂಡಿದ್ದರು. ಗೆಲ್ಲುವುದು ಇನ್ನು ಆಗದು ಎಂದು ಗೊತ್ತಾದ ಮೇಲೆ ಆ ನೋವಿನ ಭುಜದಲ್ಲೇ ಗಾಲಿಬಿಯೆ ಏರಿನ ಮೇಲೆ ಮುನ್ನುಗ್ಗಿದರು. ಪೊಗಾಚರ್ ಬೆನ್ನಟ್ಟಿ ಹಿಡಿದರು. ಹಿಡಿದ ಕೂಡಲೇ ವಿಂಗೆಗೋರ್ ನುಗ್ಗಿದರು. ಅವರನ್ನೂ ಹಿಡಿದರು. ಮತ್ತೆ ರೊಗ್ಲಿಚ್. ಪೊಗಾಚರ್‌ಗೆ ಉತ್ತರ ಕೊಡಲು ಜೊತೆಯಲ್ಲಿ ಯಾರೂ ಇರಲಿಲ್ಲ, ಪ್ರತಿ ಸಲವೂ ತಾವೇ ಎದ್ದು ನಿಂತು ತುಳಿಯಬೇಕಾಯಿತು. ಆ ದಿನದ ಕೊನೆಯ ಏರು ಗ್ರಾನೋನ್, 2,413 ಮೀಟರ್. ಅಲ್ಲಿ ವಿಂಗೆಗೋರ್ ಹೊರಟಾಗ ಪೊಗಾಚರ್ ಕಾಲುಗಳಲ್ಲಿ ಏನೂ ಉಳಿದಿರಲಿಲ್ಲ. ಸುಮಾರು ಮೂರು ನಿಮಿಷ ಹೋಯಿತು, ಹಳದಿ ಜೆರ್ಸಿಯೂ ಹೋಯಿತು. ರೊಗ್ಲಿಚ್ ಆ ದಿನ ಬಹಳ ಹಿಂದೆ ಬಂದರು. ಕೆಲವು ದಿನಗಳ ಮೇಲೆ ಗಾಯಗಳಿಂದಾಗಿ ರೇಸು ಬಿಟ್ಟು ಮನೆಗೆ ಹೋದರು. ಆ ವರ್ಷದ ಟೂರ್ ಗೆದ್ದವರ ಹೆಸರಿನಲ್ಲಿ ರೊಗ್ಲಿಚ್ ಇಲ್ಲ, ಗೆಲುವಿನಲ್ಲಿ ಇದ್ದಾರೆ.

ಅದೇ ಟೂರ್‌ನ ಹದಿನೆಂಟನೇ ಹಂತದಲ್ಲಿ ಇನ್ನೊಂದು ಘಟನೆ. ಇಳಿಜಾರಿನಲ್ಲಿ ಪೊಗಾಚರ್ ಜಾರಿ ಬಿದ್ದರು. ಮುಂದಿದ್ದ ವಿಂಗೆಗೋರ್ ನಿಧಾನ ಮಾಡಿ ಕಾದರು. ಪೊಗಾಚರ್ ಹತ್ತಿರ ಬಂದು ಕೈ ಚಾಚಿದರು, ಸೈಕಲ್ ಮೇಲೆಯೇ ಇಬ್ಬರೂ ಕೈ ಹಿಡಿದರು. ರೇಸಿನಲ್ಲಿ ಯಾರಾದರೂ ಕಾಯುತ್ತಾರಾ ಎಂದು ಕೇಳಿದ್ದರಲ್ಲ, ಎದುರಾಳಿಯೂ ಕಾಯುತ್ತಾರೆ. ಬಿದ್ದವರಿಂದ ಕಿತ್ತುಕೊಂಡ ಜೆರ್ಸಿ ಬೇಡ ಎಂಬ ಬರೆಯದ ನಿಯಮ ಸವಾರರ ನಡುವೆ ಇದೆ. ಎಲ್ಲರೂ ಎಲ್ಲ ದಿನವೂ ಪಾಲಿಸುತ್ತಾರೆಂದಲ್ಲ.

ಜೊತೆಗಾರರು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾಲ್ಕು ಸೆಕೆಂಡಿನ ಕತೆಯೊಂದಿದೆ. 2022ರಿಂದ ಮಹಿಳೆಯರ ಟೂರ್ ಮತ್ತೆ ಪ್ರತಿವರ್ಷ ನಡೆಯುತ್ತಿದೆ. 2024ರಲ್ಲಿ ನೆದರ್ಲೆಂಡ್ಸಿನ ಡೆಮಿ ವೊಲೆರಿಂಗ್ ಹಳದಿ ಜೆರ್ಸಿಯಲ್ಲಿದ್ದರು. ಐದನೇ ಹಂತ ಮುಗಿಯಲು ಸುಮಾರು ಆರು ಕಿಲೋಮೀಟರು ಇರುವಾಗ ಗುಂಪಿನಲ್ಲಿ ಬಿದ್ದರು. ಹಿಂದಕ್ಕೆ ಬಂದು ಎಳೆದೊಯ್ಯುವ ಕಾಲುಗಳು ಸಾಕಷ್ಟು ಸಿಗಲಿಲ್ಲ. ಆ ದಿನ ಮುಂದೆ ಹಂತ ಗೆದ್ದವರು ಅವರದೇ ತಂಡದ ಬ್ಲಾಂಕಾ ವಾಶ್. ವೊಲೆರಿಂಗ್ ಒಂದೂಮುಕ್ಕಾಲು ನಿಮಿಷದಷ್ಟು ಕಳೆದುಕೊಂಡರು. ಕೊನೆಯ ದಿನ, 21 ತಿರುವುಗಳ ಆಲ್ಪ್ ದುಯೆಜ್ ಬೆಟ್ಟದ ಮೇಲೆ, ಎಲ್ಲವನ್ನೂ ಸುರಿದು ಹಂತ ಗೆದ್ದರು. ಟೂರ್ ಮಾತ್ರ ಪೋಲೆಂಡಿನ ಕಾಶಾ ನಿಯೆವ್ಯಾದೊಮಾ ಅವರ ಪಾಲಾಯಿತು, ನಾಲ್ಕೇ ಸೆಕೆಂಡಿನಿಂದ. ಬಿದ್ದ ಜಾಗದಲ್ಲಿ ಒಬ್ಬರು ಹೆಚ್ಚು ಹೊತ್ತು ಮುಂದೆ ನಿಂತು ಗಾಳಿ ತಡೆದಿದ್ದರೆ ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ. ಯಾರನ್ನೂ ದೂರುತ್ತಿಲ್ಲ. ಧೂಳು, ಗದ್ದಲ, ಕಿವಿಯಲ್ಲಿ ಸರಿಯಾಗಿ ಕೇಳದ ರೇಡಿಯೊ, ಇವುಗಳ ನಡುವೆ ಆರು ಕಿಲೋಮೀಟರು ಕೆಲವು ನಿಮಿಷಗಳಲ್ಲಿ ಮುಗಿದುಹೋಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮುಖವನ್ನು ಹೇಳದಿದ್ದರೆ ಅಪ್ರಾಮಾಣಿಕತೆ. ಜೊತೆಗಾರರ ನಿಷ್ಠೆ ಕೆಟ್ಟದ್ದನ್ನೂ ಬಚ್ಚಿಟ್ಟಿದೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಏಳು ಸಲ ಗೆದ್ದಾಗ ಅವರ ಮುಂದೆ ಗಾಳಿ ಸೀಳಿದವರಿಗೆ ಉದ್ದೀಪನ ಮದ್ದಿನ ವಿಷಯ ಗೊತ್ತಿತ್ತು, ಅವರಲ್ಲಿ ಹಲವರು ತಾವೂ ತೆಗೆದುಕೊಂಡಿದ್ದರು. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದರು. 2012ರಲ್ಲಿ ಅಮೆರಿಕದ ಮದ್ದು ತಡೆ ಸಂಸ್ಥೆಯ ಮುಂದೆ ಸಾಕ್ಷಿ ನುಡಿದವರಲ್ಲಿ 11 ಮಂದಿ ಅವರ ಹಳೆಯ ತಂಡದವರೇ. ಏಳೂ ಗೆಲುವುಗಳಲ್ಲಿ ಜೊತೆಗಿದ್ದ ಜಾರ್ಜ್ ಹಿಂಕಪಿ ಕೂಡ ಹೇಳಿದರು. ಏಳೂ ಗೆಲುವು ರದ್ದಾದವು, ಆ ಏಳು ವರ್ಷಗಳ ಎದುರು ಇವತ್ತು ಯಾರ ಹೆಸರೂ ಇಲ್ಲ. ಬೆನ್ನಿಗೆ ನಿಲ್ಲುವುದಕ್ಕೂ ಪಾಪಕ್ಕೆ ಮರೆಯಾಗುವುದಕ್ಕೂ ನಡುವಿನ ಗೆರೆಯನ್ನು ಅವರು ಬಹಳ ತಡವಾಗಿ ಕಂಡರು.

ಟೂರ್ ಗೆದ್ದವರಿಗೆ 5 ಲಕ್ಷ ಯೂರೊ ಬಹುಮಾನ. ಅದನ್ನು ಜೊತೆಗಾರರಿಗೂ ಸಿಬ್ಬಂದಿಗೂ ಹಂಚುವುದು ಹಳೆಯ ರೂಢಿ. ಒಳ್ಳೆಯ ರೂಢಿ. ಆದರೆ ಹಣ ಹಂಚಬಹುದು, ವೇದಿಕೆ ಹಂಚುವುದು ಅಪರೂಪ. 2023ರ ಸ್ಪೇನಿನ ವುವೆಲ್ತಾ ರೇಸಿನಲ್ಲಿ ಅದೂ ಆಯಿತು. ಅಮೆರಿಕದ ಸೆಪ್ ಕುಸ್ ಆ ವರ್ಷ ರೊಗ್ಲಿಚ್ ಅವರಿಗಾಗಿ ಇಟಲಿಯಲ್ಲಿ ದುಡಿದಿದ್ದರು, ವಿಂಗೆಗೋರ್ ಅವರಿಗಾಗಿ ಫ್ರಾನ್ಸಿನಲ್ಲಿ ದುಡಿದಿದ್ದರು, ಇಬ್ಬರೂ ಗೆದ್ದಿದ್ದರು. ಸ್ಪೇನಿನಲ್ಲಿ ಕುಸ್ ಅನಿರೀಕ್ಷಿತವಾಗಿ ಮುಂದೆ ಬಂದು, ಅಲ್ಲಿ ಹಳದಿಯ ಬದಲು ಕೊಡುವ ಕೆಂಪು ಜೆರ್ಸಿ ತೊಟ್ಟರು. ಆಂಗ್ಲಿರು ಎಂಬ ಗೋಡೆಯಂಥ ಏರಿನ ಮೇಲೆ ಅದೇ ಇಬ್ಬರು ನಾಯಕರು ಕುಸ್ ಅವರನ್ನು ಬಿಟ್ಟು ಮುಂದೆ ಹೋದರು. ಎಂಟೇ ಸೆಕೆಂಡಿನ ಅಂತರದಲ್ಲಿ ಜೆರ್ಸಿ ಉಳಿಯಿತು. ನೋಡುತ್ತಿದ್ದವರಿಗೆಲ್ಲ ಕಸಿವಿಸಿಯಾಯಿತು. ಮರುದಿನದಿಂದ ಇಬ್ಬರೂ ಕುಸ್ ಅವರ ಕಾವಲಿಗೆ ನಿಂತರು. ಮ್ಯಾಡ್ರಿಡ್‌ನಲ್ಲಿ ಮೂವರೂ ಒಟ್ಟಿಗೆ ವೇದಿಕೆ ಹತ್ತಿದಾಗ ನಡುವೆ ನಿಂತವರು ಡೊಮೆಸ್ಟೀಕ್.

ಭಾರತೀಯರೊಬ್ಬರು ಟೂರ್ ಡಿ ಫ್ರಾನ್ಸ್‌ನಲ್ಲಿ ಇನ್ನೂ ಓಡಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ರೇಸುಗಳಲ್ಲಿ ಪದಕ ಗೆಲ್ಲುತ್ತ ಬಂದಿದ್ದಾರೆ. ಆ ಬಯಲು ಸೀಮೆಯ ಗಾಳಿಯಲ್ಲಿ ಬೆಳೆದವರು ಒಂದಲ್ಲ ಒಂದು ದಿನ ಆ ಗುಂಪಿನ ಮೂತಿಯಲ್ಲಿ ನಿಂತಾರು ಎಂಬ ಆಸೆ ನನಗಿದೆ.

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದೆ. ಅಣ್ಣನಿಗೆ ಈಗ ಮೊಣಕಾಲು ನೋವು, ಸೈಕಲ್ಲು ಹತ್ತುವುದಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದಾಗ ಮೊಬೈಲಿನಲ್ಲಿ ವಿಯೆತ್ತೊ ಫೋಟೊ ತೋರಿಸಿ ಕತೆ ಹೇಳಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಗೆದ್ದವರು ಯಾರು ಎಂದು ಕೇಳಲಿಲ್ಲ.

'ಈ ಹುಡುಗಗ ಆಮ್ಯಾಲೆ ಗಾಲಿ ಯಾರ ತಂದು ಕೊಟ್ರು?' ಅಂದ.

ಸಾಮಾನಿನ ಗಾಡಿ ಬಂತು ಅಂದೆ.

'ಎಷ್ಟೊತ್ತಿಗೆ?' ಅಂದ.